ಕತ್ತಿನ ಸುಳಿ

ಇಪ್ಪತ್ತೆಂಟು ವರ್ಷ, ದಿನವೂ ಬೆಳಿಗ್ಗೆ,
ನನ್ನ ಮುಖದ ಮೇಲೆ ನಾನೇ ಸಿಟ್ಟು ತೀರಿಸಿಕೊಂಡೆ.
ಹಿತ್ತಾಳೆಯ ರೇಜರು, ಸೋದರಮಾವ ಕೊಟ್ಟದ್ದು.
ಹಿಡಿಯ ಗೀರುಗಳು ಸವೆದಿವೆ, ತೂಕ ಮಾತ್ರ ಹಾಗೇ ಇದೆ.
ಅಂಗಿಯ ಕಾಲರಿನಲ್ಲಿ ಸಾಸಿವೆಯಷ್ಟು ರಕ್ತ,
ಗದ್ದಕ್ಕೆ ಅಂಟಿಸಿದ ಪೇಪರಿನ ಚೂರು.
ಮರೆತು ಹಾಗೇ ಕ್ಲಾಸಿಗೆ ಹೋದರೆ
ಹಿಂದಿನ ಬೆಂಚಿನವರು ನನ್ನ ಗದ್ದದ ಸುದ್ದಿ ಓದುತ್ತಿದ್ದರು.

ಲೆಕ್ಕದ ಮೇಷ್ಟ್ರು ನಾನು.
ಮೂವತ್ತು ಡಿಗ್ರಿ ಎಂದು ಯಾರೋ ಹೇಳಿದ್ದು ಕೇಳಿ
ಕೋನಮಾಪಕವನ್ನು ಕೆನ್ನೆಗೆ ಹಿಡಿದದ್ದೂ ಉಂಟು.
ವನಜಾಕ್ಷಿ ಬಾಗಿಲಲ್ಲಿ ನಿಂತು ನೋಡಿದಳು,
ಏನೂ ಹೇಳದೆ, ಹಾಲು ಉಕ್ಕಿತೆಂದು ಹೋದಳು.
ಕೆನ್ನೆ ಸರಳರೇಖೆಯಲ್ಲ.

ಜೋಗಿಮಟ್ಟಿ ರಸ್ತೆಯ ಗಾದ್ರಪ್ಪ
ಕ್ರಾಪು ತೆಗೆಯುತ್ತ, ಕತ್ತು ನೋಡಿ, ಕತ್ತರಿ ನಿಲ್ಲಿಸಿದ.
"ಯಾರ ಮ್ಯಾಲೆ ಸಾ ಇಷ್ಟು ಕ್ವಾಪ?
ಎತ್ತು ಕೊಳ್ಳಾಕೆ ಹೋದ್ರೆ ಸುಳಿ ನೋಡ್ತೀರಿ.
ನಿಮ್ಮ ಕತ್ತಿನಾಗೇ ಒಂದು ಸುಳಿ ಐತೆ, ನೋಡೀರಾ?"
ನನ್ನ ಬೆರಳು ಹಿಡಿದು ಎಡಗಿವಿಯ ಕೆಳಗೆ ಒಯ್ದ.
ನಿಜ. ಅಲ್ಲಿ ಕೂದಲು ಕೆಳಮುಖವಾಗಿ ಮಲಗಿಲ್ಲ;
ಓರೆಯಾಗಿ ಮೇಲಕ್ಕೆ, ಆಮೇಲೆ ತಿರುಗಿ,
ಕಣದಲ್ಲಿ ಸುತ್ತುವ ಎತ್ತಿನ ಹೆಜ್ಜೆಯ ಹಾಗೆ.
ಐವತ್ತು ದಾಟಿದ ಮೇಲೆ ನನಗೆ ನನ್ನ ಕತ್ತಿನ ಪರಿಚಯ.

"ಮೊದ್ಲು ಬ್ಲೇಡಿಲ್ದೆ ಬರೀ ಬೆರಳು ಆಡ್ಸಿ.
ಕೂದ್ಲು ಮಲಗಿರೋ ಕಡೀಗೆ ಒಂದ್ಸಲ,
ಆಮ್ಯಾಲೆ ಸೋಪು ಹಚ್ಚಿ ಅಡ್ಡ.
ಎದುರಿಗೆ ಹೋಗಬ್ಯಾಡಿ, ನಿಮಗಿನ್ನೂ ಬರಾಕಿಲ್ಲ.
ಒತ್ತಬ್ಯಾಡಿ ಸಾ. ರೇಜರಿಗೆ ಅದ್ರದ್ದೇ ತೂಕ ಐತೆ,
ನಿಮ್ದು ಯಾಕೆ ಸೇರಿಸ್ತೀರಿ?"

ನಮ್ಮ ಬೋರಿನ ನೀರಿಗೆ ಸೋಪು ನೊರೆಯಾಗದು,
ಒಡೆದ ಹಾಲಿನ ಹಾಗೆ ಬಟ್ಟಲ ಅಂಚಿಗೆ ಕೂರುತ್ತದೆ.
ಐದು ರೂಪಾಯಿಯ ಬಿಲ್ಲೆ ಹಾಕಿ ಹಿಡಿದು ತಂದ
ಕ್ಯಾನಿನ ಕುಡಿಯುವ ನೀರು ಒಂದು ಲೋಟ ಕದ್ದೆ.
ಮಜ್ಜಿಗೆ ಕಡೆಯುವಾಗ ಬೆಣ್ಣೆ ಬರುವ ಮುಂಚೆ
ಕಡೆಗೋಲು ಭಾರವಾಗುವ ಒಂದು ಗಳಿಗೆ ಇದೆಯಲ್ಲ,
ಬ್ರಷ್ಷು ಕೈಗೆ ಹಾಗೆ ಹೇಳಿತು.
ಆದರೆ ಗಾಳಿ! ದುರ್ಗದ ಆಷಾಢದ ಗಾಳಿ,
ಗುಡ್ಡದ ಮೇಲಿನ ರೆಕ್ಕೆಗಳನ್ನು ತಿರುಗಿಸಿದ್ದು ಸಾಲದೆಂದು
ಬಚ್ಚಲ ಕಿಟಕಿಯಿಂದ ನುಗ್ಗಿ
ಬಲಗೆನ್ನೆ ಮುಗಿಯುವುದರೊಳಗೆ ಎಡಗೆನ್ನೆ ಒಣಗಿಸುತ್ತದೆ.
ಕಿಟಕಿಗೆ ಹಾಜರಿ ಪುಸ್ತಕದ ರಟ್ಟು ಸಿಕ್ಕಿಸಿದೆ.

ಒತ್ತದೆ ಇರುವುದನ್ನು ಕಲಿಯಲು
ದಸರೆ ಕಳೆಯಬೇಕಾಯಿತು.
ಹಿಡಿಯ ತುದಿಯಲ್ಲಿ ಮೂರೇ ಬೆರಳು.
ಕೋನ ಸರಿಯಿದ್ದರೆ ಸದ್ದು ಬರುತ್ತದೆ,
ಒಣಗಿದ ರಾಗಿ ತೆನೆ ಅಂಗೈಯಲ್ಲಿ ಉಜ್ಜಿದಷ್ಟು ಸಣ್ಣಗೆ.
ಸದ್ದು ನಿಂತರೆ ಕೈ ತಪ್ಪಿದೆ ಎಂದರ್ಥ.
ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು.
ತುಟಿಯ ಕೆಳಗಿನ ಗುಳಿಯಲ್ಲಿ ಈಗಲೂ ಸೋಲುತ್ತೇನೆ;
ಪಟಿಕದ ಹಳಕು ಅಲ್ಲಿ ಮಾತ್ರ ಉರಿಯುತ್ತದೆ.

ಕಾರ್ತಿಕದಲ್ಲಿ ಗಾದ್ರಪ್ಪ ಸ್ಕೂಟರಿನಿಂದ ಬಿದ್ದ.
ಬಲ ಮುಂಗೈಗೆ ಪಟ್ಟಿ. ಅಂಗಡಿ ನೋಡಿಕೊಳ್ಳಲು ಹುಡುಗನಿದ್ದಾನೆ,
ಆದರೂ ಯಜಮಾನನಿಗೆ ಹತ್ತು ದಿನದ ಬಿಳಿ ಗಡ್ಡ.
"ಅವ್ನು ಒತ್ತಿಬಿಡ್ತಾನೆ ಸಾ," ಅಂದ,
ಹುಡುಗನಿಗೆ ಕೇಳದಷ್ಟು ಮೆಲ್ಲಗೆ.
ಆಮೇಲೆ ನನ್ನ ಕತ್ತನ್ನು ಬಹಳ ಹೊತ್ತು ನೋಡಿ
ತನ್ನ ಕುರ್ಚಿಯಲ್ಲಿ ತಾನೇ ಹೋಗಿ ಕೂತ.

ಮನೆಯಿಂದ ರೇಜರು ತಂದೆ, ಹೊಸ ಬ್ಲೇಡು, ಕ್ಯಾನಿನ ನೀರು.
ನನ್ನ ತಲೆ, ಕಿವಿ, ಕತ್ತು ಎಲ್ಲ ಇವನಿಗೆ ಬಾಯಿಪಾಠ.
ಇವನ ಮುಖವನ್ನು ನಾನು ಮುಟ್ಟಿದ್ದು
ಅದೇ ಮೊದಲು.
ನೊರೆಗೆ ಮುಂಚೆ ಬರಿಬೆರಳು ಆಡಿಸಿದೆ.
ಬಲ ದವಡೆಯ ಕೆಳಗೆ ಬೆರಳು ತಡೆಯಿತು.
"ಇಲ್ಲೊಂದು ಸುಳಿ ಇದೆ," ಅಂದೆ.
"ಹೌದಾ?" ಅಂದ ಗಾದ್ರಪ್ಪ, ಕಣ್ಣು ಮುಚ್ಚಿಕೊಂಡೇ,
"ಎತ್ಲಾಗೆ ತಿರುಗೈತೆ?"